ಮೂಡುಬಿದಿರೆಯ ಕಡಲಕೆರೆ

ಕರಾವಳಿಯವರಾದ ನಮಗೆ ಕಡಲು ಹೊಸದಲ್ಲ. ಹೀಗಿದ್ದರೂ ಮಂಗಳೂರಿನಿಂದ ಸುಮಾರು 35 ಕಿಲೋಮೀಟರು ಒಳನಾಡಿನಲ್ಲಿರುವ ಮೂಡುಬಿದಿರೆಯವರು ತಮ್ಮೂರ ಕೆರೆಯೊಂದನ್ನು ಕಡಲಕೆರೆಯೆಂದು ಕರೆಯುತ್ತಾರೆ. ನೀರಿನ ಹರವನ್ನು ಕಂಡಾಗ ಕಡಲನ್ನು ನೆನೆಯುವುದು ಮನುಷ್ಯಸ್ವಭಾವವೆಂದು ತೋರುತ್ತದೆ. ಸತ್ಯವೇದದಲ್ಲಿ ಗಲಿಲಾಯ ಸಮುದ್ರವೆನಿಸಿಕೊಂಡದ್ದೂ ಯೊರ್ದನ್ ಹೊಳೆಯು ತುಂಬುವ ಸಿಹಿನೀರಿನ ಸರೋವರವೇ ಹೊರತು ಉಪ್ಪುನೀರಿನ ಸಮುದ್ರವಲ್ಲವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಅದರ ದಡದಲ್ಲಿ ಕಪೆರ್ನೌಮ್ ಮುಂತಾದ ಊರುಗಳು ಬಾಳಿದಂತೆ ನಮ್ಮ ಕೆರೆಗಳ ಬಳಿಯಲ್ಲಿಯೂ ಊರುಗಳು ಬಾಳಿವೆ.

ಮೂಡುಬಿದಿರೆಯು ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂದು ಜನಜನಿತವಾದ ಮಾತುಂಟು. 1430ರ ಸುಮಾರಿಗೆ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಕಲ್ಲಿನ ಕೆಲಸಕ್ಕೆ ಬೆರಗಾಗುವರು. ಆದರೆ ಅಷ್ಟೊಂದು ಜನರು ಕೂಡಿ ವ್ಯಾಪಾರಮಾಡಿ, ಬೆಳೆಮಾಡಿ ಬಾಳುವುದಕ್ಕೆ ಆಧಾರವಾದ ಕೆರೆಗಳ ಕಡೆಗೆ ಅವರ ಕಣ್ಣು ಹೋಗುವುದು ಅಪರೂಪ.

ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರು ಮಳೆ ಬೀಳುವ ಸೀಮೆಗೆ ಕೆರೆಯೇಕೆ ಬೇಕೆಂದು ಯಾರಾದರೂ ಕೇಳಬಹುದು. ಈ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಇಳಿಜಾರಿನ ನೆಲದ ಮೇಲೆ ಹರಿದು, ತೋಡು ಹೊಳೆಗಳ ಮೂಲಕ ಕಡಲನ್ನು ಸೇರಿಬಿಡುತ್ತದೆ. ನಮ್ಮ ಮುರಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಅದರೊಳಗೆ ನೀರು ಬೇಗನೆ ಇಳಿಯುತ್ತದೆ. ಕೆಳಗಿನ ಶೇಡಿಮಣ್ಣಿನ ಪದರದಲ್ಲಿ ತಡೆಯುಂಟಾಗಿ ಮೆಲ್ಲನೆ ತಗ್ಗಿನ ಕಡೆಗೆ ಸರಿಯುತ್ತದೆ. ಕೆರೆಯು ಓಡುವ ನೀರನ್ನು ನಿಲ್ಲಿಸಿ, ಹೀಗೆ ಇಂಗುವುದಕ್ಕೆ ಅವಕಾಶ ಕೊಡುತ್ತದೆ. ಆದುದರಿಂದ ಕೆರೆಯಲ್ಲಿ ನೀರಿದ್ದರೆ ಅದರ ಕೆಳಗಣ ಬಾವಿಗಳಲ್ಲಿಯೂ ಬೇಸಗೆಯವರೆಗೆ ನೀರು ನಿಲ್ಲುವ ಸಂಭವ ಹೆಚ್ಚು. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾದರೂ ನೀರಿನ ಲೆಕ್ಕದಿಂದಲೇ: ಬೆಟ್ಟಿನಲ್ಲಿ ಏಣೆಲಿನ ಒಂದೇ ಬೆಳೆ, ಮಜಲಿನಲ್ಲಿ ಸುಗ್ಗಿಯೂ ಸೇರಿ ಎರಡು, ತಗ್ಗಿನ ಬೈಲಿನಲ್ಲಿ ನೀರಿದ್ದರೆ ಕೊಳಕೆಯೂ ಸೇರಿ ಮೂರು.

ಈಗ ಕಡಲಕೆರೆಯು ವಿಹಾರಸ್ಥಾನವೆಂದು ಹೆಸರಾಗಿದೆ. ಒಂಟಿಕಟ್ಟೆಯ ಈ ಎಡೆಯಲ್ಲಿ ನಿಸರ್ಗಧಾಮವಿದೆ. ಕೋಟಿ-ಚೆನ್ನಯ ಜೋಡುಕರೆ ಕಂಬಳವು ನಡೆಯುವುದೂ ಇಲ್ಲಿಯೇ. ಕರೆಯೆಂದರೆ ಕೋಣಗಳು ಓಡುವ ಕೆಸರಿನ ದಾರಿ. ಅಂಥವೆರಡು ಒತ್ತಾಗಿದ್ದರೆ ಜೋಡುಕರೆ. ಹಗ್ಗ, ನೇಗಿಲು, ಅಡ್ಡಹಲಗೆಗಳಲ್ಲಿ ವೇಗವೇ ಪ್ರಧಾನ. ಕನೆಹಲಗೆಯಲ್ಲಾದರೋ ಚಿಮ್ಮಿದ ನೀರು ಮೇಲೆ ಕಟ್ಟಿದ ಬಟ್ಟೆಯ ನಿಶಾನೆಯನ್ನು ಮುಟ್ಟಿತೇ ಎಂಬುದನ್ನು ನೋಡುವರು. 2014ರ ಸುಪ್ರೀಮ್ ಕೋರ್ಟಿನ ತೀರ್ಪಿನ ತರುವಾಯ ಕಂಬಳಕ್ಕೆ ತಡೆಯೊದಗಿತು. 2017ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿತು. 2023ನೆಯ ಮೇ 18ರಂದು ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಹಿಂಸೆಯಾಗಬಾರದೆಂಬ ವಾದವೂ ಜನರ ಪದ್ಧತಿಯು ಅಳಿಯಬಾರದೆಂಬ ವಾದವೂ ಇಲ್ಲಿ ಎದುರುಬದುರಾಗಿದ್ದವು. ಎರಡನ್ನೂ ಮರೆಯದೆ ನಡೆಯುವುದು ವಿವೇಕ.

ವಿಹಾರವು ತಪ್ಪಲ್ಲ, ದುಡಿದ ದೇಹಕ್ಕೂ ಬಳಲಿದ ಮನಸ್ಸಿಗೂ ಅದು ಬೇಕು. ಆದರೆ ಕೆರೆಯು ಕೇವಲ ನೋಟಕ್ಕಾಗಿದೆಯೆಂದು ಬಗೆದರೆ ಅಪಾಯವು ಹತ್ತಿರವಾಯಿತೆಂದೇ ತಿಳಿಯಬೇಕು. ಗುಡ್ಡದ ಮರಗಳನ್ನು ಕಡಿದರೆ ಮಳೆಗೆ ಮಣ್ಣು ತೊಳೆದುಬಂದು ಯಾವ ಕೆರೆಯೂ ಹೂಳುತ್ತದೆ. ಊಟದ ಉಳಿಕೆ, ಕೊಳಚೆನೀರು, ಸಾಬೂನಿನ ನೀರು ಸೇರಿದರೆ ಪಾಚಿಯು ಹುಲುಸಾಗಿ ಬೆಳೆದು, ಅದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ಕುಗ್ಗಿ, ಮೀನುಗಳು ಸಾಯುತ್ತವೆ. ಪ್ಲಾಸ್ಟಿಕ್ಕಂತೂ ಕೊಳೆಯದೆ ಉಳಿಯುತ್ತದೆ. ಬಾವಿಯು ಬತ್ತಿದ ದಿನ ಕೊಡವನ್ನು ಹೊತ್ತು ದೂರ ನಡೆಯುವ ಪಾಡು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದೇ. ಪಾಠದ ಹೊತ್ತು ನೀರಿಗೆ ಹೋಗುತ್ತದೆ. ಈ ಕಾರಣದಿಂದಲೇ ಹುಡುಗಿಯರ ಶಾಲೆಯ ಸಂಚಿಕೆಯಲ್ಲಿ ಕೆರೆಯ ಮಾತು ಸಲ್ಲತಕ್ಕದ್ದೆಂದು ನಾವು ಭಾವಿಸಿದೆವು.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳನ್ನು ಕೆರೆಗೆ ಕರೆದೊಯ್ಯಿರಿ. ತಂದ ಕಸವನ್ನು ಮನೆಗೆ ಮರಳಿ ತನ್ನಿರಿ. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಬಲ್ಲವರ ಕಣ್ಣೆದುರಿನಲ್ಲಿ ಈಜು ಕಲಿಸಿರಿ; ಮಳೆಗಾಲದಲ್ಲಿ ನೀರು ತುಂಬಿದ ಮುರಕಲ್ಲಿನ ಹೊಂಡಗಳ ಆಳವು ಕಣ್ಣಿಗೆ ತಿಳಿಯದಾದ್ದರಿಂದ ಅಲ್ಲಿಗೆ ಇಳಿಯಗೊಡಬೇಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯತು, ಪುರಸಭೆಗಳಲ್ಲಿ ಕುಳಿತವರು ಹೂಳೆತ್ತುವ ಕೆಲಸವನ್ನು ಬೇಸಗೆಯಲ್ಲಿಯೇ ಎತ್ತಿ ಹೇಳಲಿ; ಉಳಿದವರು ಮನೆಯ ಮಾಡಿನ ಮಳೆನೀರನ್ನು ಅಂಗಳದಾಚೆ ಇಂಗಿಸುವ ಉಪಾಯವನ್ನು ಮಾಡಲಿ. ಕಟ್ಟಿದವರು ಕೆರೆಯ ನೀರನ್ನು ತಮಗಾಗಿ ಮಾತ್ರ ಕಟ್ಟಲಿಲ್ಲ. ದೇವರು ಕರುಣಿಸಿದ ಮಳೆಯನ್ನು ಮುಂದಿನವರಿಗೂ ಉಳಿಸಿಕೊಡುವುದು ಪಡೆದವರ ಸಾಲವೆಂದು ತಿಳಿದು ನಡೆಯೋಣ.