ತೆರೆಯ ಮೇಲಂಚಿನ ಕಿರೀಟ

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆ ಹೊರಟರೆ, ಚಿಕ್ಕಜಾಲದ ಬಳಿ ಹಳೆಯ ಕಲ್ಲಿನ ಕೋಟೆಯೊಂದು ಸಿಗುತ್ತದೆ. ಪಾಳು ಗೋಡೆಗಳು, ಕಲ್ಲಿನ ಬಾಗಿಲು, ಒಂದು ಕಲ್ಯಾಣಿ. ಎಡಿಟಿಂಗ್ ಕಲಿಯುತ್ತಿರುವ ನನ್ನ ಅಕ್ಕನ ಮಗ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಮೊಬೈಲಿನಲ್ಲೇ ಒಂದು ನಿಮಿಷದ ಟ್ರೇಲರ್ ಮಾಡಬೇಕಿತ್ತು. ಒಬ್ಬ ಹುಡುಗ ಬಾಗಿಲ ತನಕ ನಡೆದು ಬಂದು, ಒಳಗಿನ ಕತ್ತಲೆಯಲ್ಲಿ ಏನನ್ನೋ ನೋಡುತ್ತಾನೆ. ಕಥೆ ಅಷ್ಟೇ. ಹುಡುಗನ ಪಾತ್ರಕ್ಕೆ ಅವನ ಗೆಳೆಯ, ಒಳಗಿರುವ ‘ಏನೋ’ ಆಗಲು ಕಂಬಳಿ ಹೊದ್ದ ನಾನು.

ಚಿತ್ರೀಕರಿಸಿದ್ದನ್ನೆಲ್ಲ ಅಲ್ಲೇ ಕಲ್ಲಿನ ಮೇಲೆ ಕೂತು ಜೋಡಿಸಿ ನೋಡಿದ. “ಮಾಮ, ಎಲ್ಲಾ ಇದೆ, ಹೆದರಿಕೆ ಮಾತ್ರ ಬರ್ತಿಲ್ಲ” ಅಂದ.

ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಹುಡುಕಬೇಕಾದದ್ದು ನೋಡುವವರ ಕಣ್ಣಿನಲ್ಲಿ. ನಮ್ಮ ಕಣ್ಣು ಒಂದು ಗಳಿಗೆಯಲ್ಲಿ ನಿಚ್ಚಳವಾಗಿ ಕಾಣುವುದು ತೀರಾ ಸಣ್ಣ ಜಾಗವನ್ನು, ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟನ್ನು ಮಾತ್ರ. ಸುತ್ತಲಿನದೆಲ್ಲ ಮಸುಕು. ಆದ್ದರಿಂದಲೇ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತಿರುತ್ತದೆ. ದೊಡ್ಡ ಕೋಟೆ, ಅದರ ಮುಂದೆ ಇರುವೆಯಷ್ಟು ಮನುಷ್ಯ ಇರುವ ವೈಡ್ ಶಾಟ್ ಇಟ್ಟರೆ ಈ ಜಿಗಿತ ಹುಡುಕಾಟವಾಗುತ್ತದೆ. ಕಣ್ಣು ಗೋಡೆಯ ಮೂಲೆ, ಕಂಬದ ಹಿಂಬದಿ, ಬಾಗಿಲ ಕತ್ತಲೆ ಎಲ್ಲವನ್ನೂ ತಡಕುತ್ತದೆ. ಅಪಾಯ ಎಲ್ಲಿದೆಯೋ ಗೊತ್ತಿಲ್ಲದವನು ಕಾಡಿನಲ್ಲಿ ನೋಡುವ ಹಾಗೆಯೇ ಪ್ರೇಕ್ಷಕ ನೋಡುತ್ತಾನೆ. ನಮ್ಮ ಹುಡುಗ ವೈಡ್ ಶಾಟನ್ನು ಇಟ್ಟಿದ್ದೇನೋ ಹೌದು, ಒಂದು ಸೆಕೆಂಡಿಗೇ ಕತ್ತರಿಸಿದ್ದ. ಹುಡುಕಲು ಕಣ್ಣಿಗೆ ಸಿಕ್ಕಿದ್ದು ಮೂರೇ ಜಿಗಿತ.

ಟ್ರಾಲಿಯ ಮೇಲೆ ಕ್ಯಾಮೆರಾ ಮೆಲ್ಲಗೆ ಮುಂದೆ ಸರಿಯುವ ಶಾಟ್ ಇನ್ನೂ ಹಳೆಯದೊಂದು ಭಯವನ್ನು ಎಬ್ಬಿಸುತ್ತದೆ. ಹತ್ತಿರ ಬರುವ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಹಿಗ್ಗುತ್ತಾ ಹೋಗುತ್ತದೆ. 1962ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪರದೆಯ ಮೇಲೆ ಬರೀ ಒಂದು ನೆರಳು ದೊಡ್ಡದಾಗುವುದನ್ನು ಕಂಡೇ ಕೋತಿಗಳು ಹಿಂದಕ್ಕೆ ಸರಿದವು. ಅದೇ ನೆರಳು ಚಿಕ್ಕದಾಗುತ್ತಾ ಹೋದಾಗ ಹೆದರಲಿಲ್ಲ. ಕತ್ತಲೆಯ ಬಾಗಿಲೊಂದು ತೆರೆಯ ಮೇಲೆ ಇಷ್ಟಿಷ್ಟೇ ಹಿಗ್ಗುವಾಗ ನಾವು ಉಸಿರು ಹಿಡಿಯುವುದು ಬಾಗಿಲಿನ ಕಥೆ ಗೊತ್ತಿದ್ದಕ್ಕಲ್ಲ. ಮೈಗೆ ಆ ಹಿಗ್ಗುವಿಕೆ ಮೊದಲೇ ಗೊತ್ತು.

ಇನ್ನು ಕ್ಲೋಸಪ್. ನೂರು ವರ್ಷಗಳ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್, ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಹೆಣ್ಣೊಬ್ಬಳ ಚಿತ್ರದ ಜೊತೆ ಅಂಟಿಸಿದ. ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಆಸೆಗಳನ್ನು ಕಂಡರು ಎಂಬುದು ಸಿನಿಮಾ ಶಾಲೆಗಳಲ್ಲಿ ಇಂದಿಗೂ ಹೇಳುವ ಪಾಠ. ಮುಖ ಖಾಲಿ ಬಿಟ್ಟ ಜಾಗವನ್ನು ಮಿದುಳು ತಾನೇ ತುಂಬುತ್ತದೆ, ಆದರೆ ಅದಕ್ಕೆ ಸಮಯ ಬೇಕು. ‘ಶರಪಂಜರ’ದಲ್ಲಿ (1971) ಪುಟ್ಟಣ್ಣ ಕಣಗಾಲ್ ಕಲ್ಪನಾ ಅವರ ಕಣ್ಣುಗಳ ಹತ್ತಿರ ಹೋಗಿ ನಿಂತಾಗ ನಮಗೆ ಆ ಸಮಯ ಸಿಗುತ್ತಿತ್ತು. ಇವತ್ತಿನ ಎಷ್ಟೋ ಟ್ರೇಲರುಗಳು ಮುಖಗಳನ್ನು ಬಸ್ಸಿನ ಕಿಟಕಿಯಿಂದ ಕಂಡ ಊರುಗಳಂತೆ ದಾಟಿಸಿಬಿಡುತ್ತವೆ. ಅಷ್ಟು ಒಳ್ಳೆಯ ನಟರನ್ನು ಹಾಗೆ ದಾಟಿಸುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ವೇಗವೇ ತಪ್ಪು ಎನ್ನುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕಟ್ಟಿಂಗ್ ಹಾಲಿವುಡ್ ಚಿತ್ರಗಳನ್ನು ಅಳೆದು ನೋಡಿದಾಗ, 1930ರ ಸುಮಾರಿಗೆ 12 ಸೆಕೆಂಡಿನಷ್ಟಿದ್ದ ಶಾಟಿನ ಸರಾಸರಿ ಉದ್ದ 2010ರ ದಶಕದ ಹೊತ್ತಿಗೆ ಸುಮಾರು ಎರಡೂವರೆ ಸೆಕೆಂಡಿಗೆ ಇಳಿದಿತ್ತು. ಟ್ರೇಲರಿನಲ್ಲಿ ಇದು ಇನ್ನೂ ಚುರುಕು. ಪಟಪಟನೆ ಕಟ್ ಬೀಳುವಾಗ ಕಣ್ಣು ಅಲೆಯುವುದನ್ನು ಬಿಟ್ಟು ಫ್ರೇಮಿನ ನಡುವೆ ಬಂದು ಕೂರುತ್ತದೆ. ಸಾವಿರ ಜನರಿರುವ ಚಿತ್ರಮಂದಿರದಲ್ಲಿ ಸಾವಿರ ಜೊತೆ ಕಣ್ಣುಗಳೂ ಹೆಚ್ಚುಕಡಿಮೆ ಒಂದೇ ಕಡೆ. ಆಗ ಎಡಿಟರ್ ಏನನ್ನು ಅಲ್ಲಿಟ್ಟರೂ ಅದು ಎಲ್ಲರಿಗೂ ಒಟ್ಟಿಗೆ ತಾಗುತ್ತದೆ.

ಇದರ ಬಲ ಗೊತ್ತಾಗಬೇಕಾದರೆ 2021ರ ಜನವರಿ 7ರ ರಾತ್ರಿ ಬಂದ ‘ಕೆಜಿಎಫ್ ಚಾಪ್ಟರ್ 2’ ಟೀಸರನ್ನು ಮತ್ತೆ ನೋಡಬೇಕು. ಪ್ರಶಾಂತ್ ನೀಲ್ ನಿರ್ದೇಶನ, ಭುವನ್ ಗೌಡ ಛಾಯಾಗ್ರಹಣ, ರವಿ ಬಸ್ರೂರು ಸಂಗೀತ. ನಾಯಕ ರಾಕಿ ಭಾರಿ ಮೆಷಿನ್ ಗನ್ ಹಿಡಿದು ಜೀಪುಗಳನ್ನು ಚಿಂದಿ ಮಾಡುತ್ತಾನೆ. ಕಿವಿ ತುಂಬಾ ಗುಂಡಿನ ಸದ್ದು, ಕಣ್ಣಿನ ತುಂಬಾ ಬೆಂಕಿ. ಆಮೇಲೆ ಗನ್ ನಿಲ್ಲುತ್ತದೆ. ಕಾದು ಕೆಂಪಾದ ನಳಿಕೆ. ಅವನು ಅದಕ್ಕೆ ಮುಖ ಬಾಗಿಸಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಜನ ನೆನಪಿಟ್ಟುಕೊಂಡದ್ದು ಹಾರಿದ ಜೀಪುಗಳನ್ನಲ್ಲ, ಆ ಕೆಂಪನ್ನು. ನಮ್ಮ ನರಗಳು ಒಂದೇ ಸಮನೆ ಬರುವ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತವೆ, ಥಟ್ಟನೆ ಆದ ಬದಲಾವಣೆಗೆ ನೆಟ್ಟಗಾಗುತ್ತವೆ. ಅಷ್ಟು ಹೊತ್ತಿನ ಅಬ್ಬರ ಇದ್ದದ್ದೇ ಆ ನಿಶ್ಶಬ್ದ ನಮಗೆ ಕೇಳಿಸಲಿ ಎಂದು.

ಹೀಗೆ ಎಲ್ಲರಿಗೂ ಒಟ್ಟಿಗೆ ತಾಗುವುದನ್ನು ಅಳೆದವರೂ ಇದ್ದಾರೆ. ನರವಿಜ್ಞಾನಿ ಯೂರಿ ಹ್ಯಾಸನ್ ಮತ್ತು ಸಂಗಡಿಗರು 2008ರಲ್ಲಿ ಎಂಆರ್‌ಐ ಯಂತ್ರದೊಳಗೆ ಜನರನ್ನು ಮಲಗಿಸಿ ದೃಶ್ಯಗಳನ್ನು ತೋರಿಸಿದ ವಿವರ ಪ್ರಕಟಿಸಿದರು. ಹಿಚ್‌ಕಾಕ್‌ನ ಒಂದು ಟಿವಿ ಕಥೆ ನೋಡುವಾಗ, ಬೇರೆ ಬೇರೆ ಜನರ ಮಿದುಳಿನ ಹೊರಪದರದ ಶೇ 65ಕ್ಕೂ ಹೆಚ್ಚು ಭಾಗ ಒಂದೇ ತಾಳದಲ್ಲಿ ಏರಿಳಿಯುತ್ತಿತ್ತು. ಪಾರ್ಕಿನಲ್ಲಿ ಸುಮ್ಮನೆ ಕ್ಯಾಮೆರಾ ಇಟ್ಟು, ಕಟ್ ಇಲ್ಲದೆ ತೆಗೆದ ದೃಶ್ಯಕ್ಕೆ ಅದು ಶೇ 5ಕ್ಕಿಂತ ಕಡಿಮೆ. ಹಿಚ್‌ಕಾಕ್ ಮಾಡಿದ್ದು ಪ್ರೇಕ್ಷಕನಿಗೆ ಏನು ಗೊತ್ತಿರಬೇಕು, ಯಾವಾಗ ಗೊತ್ತಾಗಬೇಕು ಎಂಬುದರ ಲೆಕ್ಕಾಚಾರ.

ಈ ಲೆಕ್ಕ ನಮ್ಮ ಕರಾವಳಿಯಲ್ಲಿ ಕ್ಯಾಮೆರಾಕ್ಕಿಂತ ಬಹಳ ಮೊದಲೇ ಇತ್ತು. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ಅಡ್ಡಲಾಗಿ ತೆರೆ ಹಿಡಿಯುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟ ಅಲುಗುತ್ತದೆ, ಕೆಳಗೆ ಗೆಜ್ಜೆಯ ಕಾಲು, ಒಂದು ಆರ್ಭಟ. ಮುಖ ಕಾಣದು. ಕಂಡಿತು ಅನ್ನುವಷ್ಟರಲ್ಲಿ ಮತ್ತೆ ಮರೆ. ಅಮ್ಮನ ಸೆರಗು ಹಿಡಿದು ಕೂತ ಮಗು ನಡುಗುವುದು ರಾಕ್ಷಸನನ್ನು ನೋಡಿಯಲ್ಲ, ಆ ತೆರೆಯನ್ನು ನೋಡಿ. 1994ರಲ್ಲಿ ಸಂಶೋಧಕ ಜಾರ್ಜ್ ಲೋವೆನ್‌ಸ್ಟೀನ್ ಕುತೂಹಲವನ್ನು, ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕೆನಿಸುವುದಕ್ಕೂ ನಡುವಿನ ಕಂದಕ ಎಂದು ವಿವರಿಸಿದರು. ಏನೂ ಗೊತ್ತಿಲ್ಲದವನಿಗೆ ಕುತೂಹಲವಿಲ್ಲ, ಎಲ್ಲ ಗೊತ್ತಿದ್ದವನಿಗೂ ಇಲ್ಲ. ಕಿರೀಟ ಕಾಣಬೇಕು, ಮುಖ ಕಾಣಬಾರದು.

ಅಕ್ಕನ ಮಗನಿಗೆ ಇದಿಷ್ಟನ್ನೂ ಹೇಳಿದೆ. ಅವನು ಮಾತಾಡಲಿಲ್ಲ. ವೈಡ್ ಶಾಟನ್ನು ಆರು ಸೆಕೆಂಡಿಗೆ ಬೆಳೆಸಿದ. ಗೆಳೆಯನ ಮುಖದ ಮೇಲೆ ನಿಂತ. ತಲೆಯ ಮೇಲೆ ಹಾದುಹೋದ ವಿಮಾನದ ಸದ್ದನ್ನು ಬೇಡವೆಂದು ಮೊದಲು ಅಳಿಸಿದ್ದ, ಈಗ ಅದನ್ನು ಮತ್ತೆ ತಂದು, ಗೆಳೆಯ ಬಾಗಿಲು ಮುಟ್ಟುವ ಹೊತ್ತಿಗೆ ಸರಿಯಾಗಿ ಕತ್ತರಿಸಿದ. ಕೊನೆಯಲ್ಲಿ ಕಂಬಳಿ ಹೊದ್ದು ನಾನು ನಿಂತಿದ್ದ ಶಾಟನ್ನು ಪೂರ್ತಿ ತೆಗೆದುಹಾಕಿದ. ನಾಲ್ಕು ಸೆಕೆಂಡು ಬರೀ ಕಪ್ಪು.

ರಾತ್ರಿ ಅಕ್ಕನಿಗೆ ತೋರಿಸಿದ. ಅವಳು ನನ್ನ ಪಕ್ಕದಲ್ಲೇ ಕೂತು ನೋಡಿದಳು. ಕಪ್ಪು ಬಂದಾಗ ಒಂದು ಗಳಿಗೆ ಸುಮ್ಮನಿದ್ದು, “ಒಳಗೆ ಯಾರಿದ್ರೋ?” ಅಂದಳು.