ನೀರಿಗಂಜಿದ ಬಾಲಕಿ, ನಿಮಿಷದೊಳಗೆ ನೂರು ಮೀಟರ್

ಈಜು ಕಲಿಯಲು ಹೊರಟವರನ್ನು ಮೊದಲು ಕಾಡುವುದು ತೋಳಿನ ಬಲದ ಕೊರತೆಯಲ್ಲ, ಉಸಿರಿನ ಗಲಿಬಿಲಿ. ಗಾಳಿ ತುಂಬಿದ ಶ್ವಾಸಕೋಶಗಳು ಎದೆಯ ಭಾಗವನ್ನು ತೇಲಿಸುತ್ತವೆಯಾದರೂ ದೇಹದ ಭಾರದ ಕೇಂದ್ರವು ಅದಕ್ಕಿಂತ ಕೆಳಗೆ, ಹೊಕ್ಕುಳಿನ ಆಸುಪಾಸಿನಲ್ಲಿ ಇರುವುದರಿಂದ ಕಾಲುಗಳು ತಾವಾಗಿಯೇ ಇಳಿಯತೊಡಗುತ್ತವೆ. ಹೆದರಿದವರು ಗಾಳಿಗಾಗಿ ತಲೆಯನ್ನು ಮೇಲೆತ್ತಿದಷ್ಟೂ ಸೊಂಟ ಇನ್ನಷ್ಟು ಕುಸಿದು, ಮುಂದೆ ಸಾಗಬೇಕಾದ ದೇಹ ನೀರಿನಲ್ಲಿ ನೆಟ್ಟಗೆ ನಿಂತುಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದ ರೂಢಿಯ ಹಿಂದೆ ಇದ್ದದ್ದೂ ಇದೇ ತಿಳಿವಳಿಕೆ: ಸೊಂಟ ತೇಲಿದರೆ ಉಳಿದದ್ದನ್ನು ಕಲಿಸಬಹುದು.

ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಬೆಂಗಳೂರಿನ ನಿಶಾ ಮಿಲೆಟ್ ಅವರ ಈಜು ಆರಂಭವಾದದ್ದು ಇಂಥ ಭಯದಿಂದಲೇ. 1982ರಲ್ಲಿ ಜನಿಸಿದ ಅವರು ಐದರ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವ ಅಪಾಯದಿಂದ ಪಾರಾಗಿದ್ದರು. ಆ ಅಂಜಿಕೆಯನ್ನು ಬಿಡಿಸಬೇಕೆಂದು ತಂದೆ 1991ರಲ್ಲಿ ಚೆನ್ನೈನ ಶೆಣೈ ನಗರದ ಈಜುಕೊಳದಲ್ಲಿ ಮಗಳನ್ನು ನೀರಿಗಿಳಿಸಿದರು. ಮರುವರ್ಷವೇ ರಾಜ್ಯ ಮಟ್ಟದ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೊದಲ ಪದಕ ಬಂದಿತು. 1994ರಲ್ಲಿ, ಇನ್ನೂ ಸಬ್ ಜೂನಿಯರ್ ವಯಸ್ಸಿನಲ್ಲಿರುವಾಗಲೇ, ಅವರು ರಾಷ್ಟ್ರ ಮಟ್ಟದಲ್ಲಿ ಹಿರಿಯರನ್ನು ಹಿಂದಿಕ್ಕಿ ಐದೂ ಫ್ರೀಸ್ಟೈಲ್ ಸ್ಪರ್ಧೆಗಳ ಚಿನ್ನ ಗೆದ್ದರು. ಇದನ್ನು ಧೈರ್ಯದ ಕಥೆಯೆಂದು ಹೇಳುವುದು ವಾಡಿಕೆ; ಆದರೆ ಧೈರ್ಯವೊಂದರಿಂದಲೇ ಯಾರೂ ತೇಲುವುದಿಲ್ಲ.

ಫ್ರೀಸ್ಟೈಲ್ ಎಂದರೆ ಇಷ್ಟಬಂದ ಶೈಲಿಯಲ್ಲಿ ಈಜಲು ಅವಕಾಶವಿರುವ ಸ್ಪರ್ಧೆಯಾದರೂ, ಎಲ್ಲಕ್ಕಿಂತ ವೇಗವಾದದ್ದೆಂಬ ಕಾರಣಕ್ಕೆ ಬಹುತೇಕ ಎಲ್ಲರೂ ಬಳಸುವುದು ತೋಳುಗಳನ್ನು ಒಂದರ ನಂತರ ಒಂದರಂತೆ ಚಾಚಿ ನೀರನ್ನು ಹಿಂದಕ್ಕೆ ಸೆಳೆಯುವ ಕ್ರಾಲ್ ಶೈಲಿಯನ್ನು. ಇದರಲ್ಲಿ ಮುಖ ನೀರೊಳಗೇ ಇರುತ್ತದೆ. ಬಾಯಿ ಮೂಗುಗಳಿಂದ ಗುಳ್ಳೆಗಳಾಗಿ ಉಸಿರನ್ನು ನೀರಿಗೇ ಬಿಟ್ಟು ಮುಗಿಸಿ, ಒಂದು ತೋಳು ನೀರಿನಿಂದ ಮೇಲೇಳುವ ಹೊತ್ತಿಗೆ ತಲೆಯನ್ನು ಎತ್ತದೆ ಪಕ್ಕಕ್ಕೆ ಮಾತ್ರ ಹೊರಳಿಸಿ, ತಲೆಯ ಚಲನೆಯಿಂದಲೇ ಉಂಟಾದ ಸಣ್ಣ ತಗ್ಗಿನಲ್ಲಿ ಬಾಯಿಯ ಒಂದು ಅಂಚಿನಿಂದ ಗಾಳಿ ಎಳೆದುಕೊಳ್ಳಬೇಕು. ಒಳಗೆ ಉಸಿರು ಬಿಡದವರಿಗೆ ಮೇಲೆ ಬಂದಾಗ ಬಿಡುವುದಕ್ಕೂ ಎಳೆಯುವುದಕ್ಕೂ ಸಮಯ ಸಾಲದೆ ಹತ್ತು ಮೀಟರಿನೊಳಗೆ ಏದುಸಿರು ಹತ್ತುತ್ತದೆ. ಕಲಿಯುವವರನ್ನು ಕಂಗೆಡಿಸುವ ಈ ಲೆಕ್ಕವೇ ಮುಂದೆ ಚಾಂಪಿಯನ್ನರ ಲೆಕ್ಕವೂ ಆಗುತ್ತದೆ, ಏಕೆಂದರೆ ಪ್ರತಿ ಸಲ ತಲೆ ಹೊರಳಿಸುವುದೂ ವೇಗಕ್ಕೆ ಒಂದಿಷ್ಟು ತಡೆಯೊಡ್ಡುತ್ತದೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ವೇಗ ಇಮ್ಮಡಿಯಾದರೆ ಅದರ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ 100 ಮೀಟರನ್ನು 61 ಸೆಕೆಂಡುಗಳಲ್ಲಿ ಈಜುವವರು 59ಕ್ಕೆ ಇಳಿಯಲು ಬರೀ ಹೆಚ್ಚು ಬಲ ಹಾಕಿದರೆ ಸಾಲದು, ಸೊಂಟದ ಮಟ್ಟ, ಅಂಗೈಯ ಕೋನ, 50 ಮೀಟರ್ ಕೊಳದ ಗೋಡೆಯ ಬಳಿ ಲಾಗ ಹಾಕಿ ಪಾದಗಳಿಂದ ಒದ್ದು ಹೊರಡುವ ಟರ್ನ್, ಎಲ್ಲದರಲ್ಲೂ ಸೆಕೆಂಡಿನ ಚೂರುಗಳನ್ನು ಉಳಿಸಬೇಕಾಗುತ್ತದೆ. 1998ರಲ್ಲಿ ನಿಶಾ ಅವರು 100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆಯಾದದ್ದರ ತೂಕ ಇಲ್ಲಿದೆ. ಮರುವರ್ಷ ಮಣಿಪುರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರು ಕರ್ನಾಟಕಕ್ಕಾಗಿ 14 ಚಿನ್ನ ಗೆದ್ದರು. 2000ದಲ್ಲಿ ಅರ್ಜುನ ಪ್ರಶಸ್ತಿ ಬಂದಿತು.

ಅದೇ ವರ್ಷ ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲ್‌ನ ತಮ್ಮ ಹೀಟ್‌ನಲ್ಲಿ ಅವರು ಮೊದಲಿಗರಾದರೂ ಸೆಮಿಫೈನಲ್ ತಲುಪಲಿಲ್ಲ. ಇದು ಅನ್ಯಾಯದಂತೆ ಕಾಣಬಹುದು. ಆದರೆ ಹೀಟ್ ಎಂಬ ಪ್ರಾಥಮಿಕ ಸುತ್ತಿನಲ್ಲಿ ಸ್ಪರ್ಧಿಗಳನ್ನು ಹಿಂದಿನ ಟೈಮಿಂಗ್‌ಗೆ ಅನುಗುಣವಾಗಿ ಗುಂಪುಗಳಾಗಿ ವಿಂಗಡಿಸಲಾಗುತ್ತದೆ; ಮುಂದಿನ ಹಂತಕ್ಕೆ ಹೋಗುವವರು ಗುಂಪಿನ ವಿಜೇತರಲ್ಲ, ಎಲ್ಲ ಹೀಟ್‌ಗಳನ್ನೂ ಒಟ್ಟಾಗಿ ನೋಡಿದಾಗ ಅತಿ ಕಡಿಮೆ ಸಮಯ ತೆಗೆದುಕೊಂಡ 16 ಮಂದಿ. ಪಕ್ಕದ ಲೇನಿನವರನ್ನು ಸೋಲಿಸಿದರೂ ಗಡಿಯಾರವನ್ನು ಸೋಲಿಸದಿದ್ದರೆ ದಾರಿಯಿಲ್ಲ. ನಮ್ಮ ಈಜುಪಟುಗಳಿಗೂ ಲೋಕದ ಅಗ್ರಗಣ್ಯರಿಗೂ ಇದ್ದ ಅಂತರವನ್ನು ಆ ಒಂದು ಹೀಟ್ ಪದಕಪಟ್ಟಿಗಿಂತ ಸ್ಪಷ್ಟವಾಗಿ ತೋರಿಸಿತು.

2002ರಲ್ಲಿ ಅವರು ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. 2004ರ ಒಲಿಂಪಿಕ್ಸ್‌ನ ಅರ್ಹತೆ ಅತ್ಯಲ್ಪ ಅಂತರದಲ್ಲಿ ಕೈತಪ್ಪಿತು. ತರಬೇತಿಯ ವೆಚ್ಚ ಹೆತ್ತವರ ಮೇಲೆ ಬೀಳುತ್ತಿದ್ದುದೂ ಸೇರಿಕೊಂಡು ಅವರು ಸ್ಪರ್ಧಾಕಣದಿಂದ ಹಿಂದೆ ಸರಿದರು. ಬಳಿಕ ಬೆಂಗಳೂರಿನಲ್ಲಿ ತಮ್ಮದೇ ಈಜು ತರಬೇತಿ ಸಂಸ್ಥೆಯನ್ನು ಆರಂಭಿಸಿ, ನೀರಿಗೆ ಹೊಸಬರಾದ ಮಕ್ಕಳಿಗೆ ಈಜು ಕಲಿಸುವ ಕೆಲಸವನ್ನು ಕೈಗೆತ್ತಿಕೊಂಡರು.