ಬಾಗ್ಮತೀ ತೀರದ ಪಶುಪತಿನಾಥ

ನೇಪಾಳವೆಂದೊಡನೆ ಹಿಮಶಿಖರಗಳು ನೆನಪಾಗುವುದು ಸಹಜ. 8848.86 ಮೀಟರ್ ಎತ್ತರದ ಸಾಗರಮಾಥಾ ಅಲ್ಲಿಯದೇ. ಆದರೆ ಶಿವಭಕ್ತರ ಕಣ್ಣು ಮೊದಲು ಅರಸುವುದು ಕಠ್ಮಂಡುವಿನ ಪಶುಪತಿನಾಥನನ್ನು.

ಬಾಗ್ಮತೀ ನದಿಯ ದಂಡೆಯಲ್ಲಿ ಎರಡಂತಸ್ತಿನ ಮಾಡುಳ್ಳ ದೇಗುಲ. ಪಶ್ಚಿಮ ದ್ವಾರದೆದುರು ಬೃಹತ್ ನಂದಿ. ಗರ್ಭಗುಡಿಯ ಲಿಂಗಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮುಖಗಳು: ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಊರ್ಧ್ವಮುಖವಾದ ಈಶಾನವು ನಿರಾಕಾರ. ಪಂಚಾಚಾರ್ಯರ ಮೂಲವನ್ನು ಶಿವನ ಪಂಚಮುಖಗಳಲ್ಲಿ ಕಾಣುವ ಪರಂಪರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲಿಂಗವನ್ನು ಸ್ಪರ್ಶಿಸಿ ಪೂಜಿಸುವ ಅಧಿಕಾರ ದಕ್ಷಿಣ ಭಾರತದ, ವಿಶೇಷವಾಗಿ ಕರ್ನಾಟಕದ, ಭಟ್ಟರಿಗೆ ಮಾತ್ರ. ಕರಸ್ಥಲದಲ್ಲಿಯೇ ಲಿಂಗವನ್ನಿರಿಸಿಕೊಂಡು ಅರ್ಚಿಸುವ ನಮಗೆ ಈ ಕಟ್ಟುಪಾಡು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. 2008ರಲ್ಲಿ ನೇಪಾಳವು ಗಣರಾಜ್ಯವಾದ ಬಳಿಕ ಅಲ್ಲಿಯ ಸರ್ಕಾರ ಭಟ್ಟರ ಸ್ಥಾನಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ಭಕ್ತರು ಪ್ರತಿಭಟಿಸಿದರು, ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2009ರ ಆರಂಭದಲ್ಲಿ ಸರ್ಕಾರ ಹಿಂಜರಿಯಿತು, ಹಳೆಯ ಪದ್ಧತಿ ಉಳಿಯಿತು. ಸ್ವದೇಶದವರಿಗೇ ಪೂಜೆ ಸಲ್ಲಲೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಭಾಷೆ, ಗಡಿಗಳನ್ನು ದಾಟಿ ತಲೆಮಾರುಗಳಿಂದ ನಡೆದುಬಂದ ನಂಬಿಕೆಯ ಬಾಂಧವ್ಯ ಸರ್ಕಾರಿ ಆದೇಶವೊಂದರಿಂದ ಕಡಿಯುವಂಥದಲ್ಲ.

ಕಠ್ಮಂಡುವಿಗೆ ಹೋದವರು ಸಮೀಪದ ಭಕ್ತಪುರವನ್ನು ಬಿಟ್ಟುಬರಬಾರದು. ಇಟ್ಟಿಗೆಯ ಬೀದಿಗಳ, ನೇವಾರರ ಮರಗೆತ್ತನೆಯ ಆ ಊರಿನಲ್ಲಿ ಜಂಗಮ ಮಠವಿದೆ! ಕಾಶಿಯ ಆಚೆಗೂ, ಹಿಮವಂತನ ಮಡಿಲಿನವರೆಗೂ ನಮ್ಮ ಜಂಗಮರು ನಡೆದುಹೋದುದಕ್ಕೆ ಅದೇ ಸಾಕ್ಷಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಭಕ್ತಪುರದ ವತ್ಸಲಾ ದೇಗುಲ ನೆಲಕಚ್ಚಿತು. ಊರಿನ ಕುಶಲಕರ್ಮಿಗಳು ಅದನ್ನು ಹಳೆಯ ರೂಪದಲ್ಲಿಯೇ ಮರಳಿ ಕಟ್ಟಿದ್ದಾರೆ. ಪಶುಪತಿನಾಥನ ಮುಖ್ಯ ದೇಗುಲವಂತೂ ಅಂದು ಕುಸಿಯದೆ ನಿಂತಿತು.